‘ಅವರೆಲ್ಲಾ ಹಾಗೇನೇ’: ಒಬ್ಬ ಲೈನ್ ಸೂಪರ್‌ವೈಸರ್ ಪ್ರಕರಣ

(ಗುರುತು ಸಿಗದಂತೆ ಹೆಸರು ಮತ್ತು ಕೆಲವು ವಿವರ ಬದಲಿಸಿದ್ದೇನೆ.)

ಸವಿತಾ ಅವರಿಗೆ 42 ವರ್ಷ, ಮಂಡ್ಯ ಕಡೆಯವರು. ಬೆಂಗಳೂರಿನ ಒಂದು ಗಾರ್ಮೆಂಟ್ಸ್‌ಗೆ ಹೆಲ್ಪರ್ ಆಗಿ ಸೇರಿ, ಟೈಲರ್ ಆಗಿ, ಈಗ ಲೈನ್ ಸೂಪರ್‌ವೈಸರ್ ಆಗಿದ್ದಾರೆ. ತಲೆನೋವು, ನಿದ್ದೆ ಬರಲ್ಲ, ಮನೆಯಲ್ಲೂ ಸಿಡುಕು ಎಂದು ಆಪ್ತಸಲಹೆಗೆ ನನ್ನ ಹತ್ತಿರ ಬಂದರು. ಮಾತಾಡ್ತಾ ಮಾತಾಡ್ತಾ ಬೇರೆಯದೇ ವಿಷಯ ಹೊರಬಿತ್ತು.

ಲೈನಿನಲ್ಲಿ ಯಾರದೋ ಮೊಬೈಲ್ ಕಾಣೆಯಾಗಿತ್ತು. ಸವಿತಾ ಒಡಿಶಾ, ಜಾರ್ಖಂಡ್‌ನಿಂದ ಬಂದ ಹುಡುಗಿಯರ ಬ್ಯಾಗುಗಳನ್ನು ಮಾತ್ರ ಎಲ್ಲರೆದುರು ತೆಗೆಸಿ ನೋಡಿದರು. ಆಮೇಲೆ ಮೊಬೈಲ್ ಬಟ್ಟೆಯ ಬಂಡಲ್ ಅಡಿಯಲ್ಲಿ ಸಿಕ್ಕಿತು. ಅಂದಿನಿಂದ ಒಬ್ಬ ಹುಡುಗಿ ಇವರ ಮುಖ ನೋಡುತ್ತಿಲ್ಲ.

“ನಾನು ಕೆಟ್ಟವಳಲ್ಲ ಮೇಡಂ. ಆದ್ರೆ ಈ ಹಿಂದಿಯವರು ಇದಾರಲ್ಲ, ಅವರೆಲ್ಲಾ ಹಾಗೇನೇ. ನಂಬಕ್ಕಾಗಲ್ಲ.”

ಅವರು ಒಳ್ಳೆಯವರೋ ಕೆಟ್ಟವರೋ ಎಂಬ ವಾದಕ್ಕೆ ನಾನು ಹೋಗಲಿಲ್ಲ. ಆ ಹುಡುಗಿಯರ ಹೆಸರು ಹೇಳಿ ಎಂದೆ. ನಾಲ್ಕಕ್ಕೆ ನಿಂತರು. ಒಡಿಯಾ ಮಾತಾಡುವವರು, ಜಾರ್ಖಂಡ್ ಕಡೆಯ ಸಾದ್ರಿ ಭಾಷೆ ಮಾತಾಡುವವರು, ಎಲ್ಲರೂ ಅವರ ಲೆಕ್ಕದಲ್ಲಿ ‘ಹಿಂದಿಯವರು’. ನಮ್ಮವರಾದರೆ ಒಬ್ಬೊಬ್ಬರೂ ಬೇರೆ ಬೇರೆ, ಹೊರಗಿನವರಾದರೆ ಎಲ್ಲರೂ ಒಂದೇ. ಇದು ಸವಿತಾ ಒಬ್ಬರ ಗುಣವಲ್ಲ. 1970ರ ಸುಮಾರಿಗೆ ಮನೋವಿಜ್ಞಾನಿ ಹೆನ್ರಿ ತಾಜ್‌ಫೆಲ್ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಶಾಲಾ ಹುಡುಗರನ್ನು ಸುಮ್ನೆ ಕ್ಷುಲ್ಲಕ ಕಾರಣಕ್ಕೆ ಎರಡು ಗುಂಪು ಮಾಡಿದರು. ಅಷ್ಟಕ್ಕೇ ಹುಡುಗರು ತಮ್ಮ ಗುಂಪಿನವರಿಗೆ ಜಾಸ್ತಿ ದುಡ್ಡು ಹಂಚಿದರು.

ಒಂದು ನೋಟ್‌ಬುಕ್ ಇಡಿ ಎಂದೆ. ಸಿಟ್ಟು ಬಂದಾಗಲೆಲ್ಲ ಯಾರ ಮೇಲೆ, ಯಾಕೆ ಅಂತ ಬರೆಯಬೇಕು. ಮುಂದಿನ ಭೇಟಿಯಲ್ಲಿ ಅದನ್ನು ಒಟ್ಟಿಗೆ ಓದಿದೆವು. ಮದ್ದೂರಿನ ಹುಡುಗಿ ತಡವಾಗಿ ಬಂದರೆ ‘ಬಸ್ ಸಿಕ್ಕಿಲ್ಲ’. ಒಡಿಶಾದ ಹುಡುಗಿ ತಡವಾದರೆ ‘ಸೋಮಾರಿ’. ಸವಿತಾ ಅದನ್ನು ತಾವೇ ಎರಡು ಸಲ ಓದಿಕೊಂಡರು.

ನನಗೆ ಮುಖ್ಯ ಅನ್ನಿಸಿದ್ದು ಆಮೇಲೆ ಬಂದ ಮಾತು. ಫ್ಲೋರ್ ಇನ್‌ಚಾರ್ಜ್ ಹೊರಗಿನವರಿಗೇ ಬೇರೆ ಲೈನ್ ಮಾಡಿದ್ದಾರೆ. ಸವಿತಾ ಎರಡನ್ನೂ ನೋಡಿಕೊಳ್ಳಬೇಕು. ಗಂಟೆಗೆಷ್ಟು ಪೀಸ್ ಅಂತ ಎರಡೂ ಲೈನಿನ ಲೆಕ್ಕ ಬೋರ್ಡ್ ಮೇಲೆ ಅಕ್ಕಪಕ್ಕ. “ಹಾಸ್ಟೆಲ್ ಹುಡುಗಿಯರು ಓವರ್‌ಟೈಮ್‌ಗೆ ಬೇಡ ಅನ್ನಲ್ಲ. ಅದನ್ನ ತೋರಿಸಿ ನಮ್ಮವರ ಟಾರ್ಗೆಟ್ ಏರಿಸ್ತಾರೆ.” ಈ ಭಯ ಸುಳ್ಳಲ್ಲ. ಆದರೆ ಟಾರ್ಗೆಟ್ ಹಾಕುವವರು ಆ ಹುಡುಗಿಯರಲ್ಲ, ಅಲ್ವಾ? ಮೇಲಿನವರ ಮೇಲೆ ತೀರಿಸಿಕೊಳ್ಳಲಾಗದ ಸಿಟ್ಟು ಊರು ಬಿಟ್ಟು ಬಂದ ಮಕ್ಕಳ ಬ್ಯಾಗಿನ ಮೇಲೆ ತಿರುಗಿತ್ತು. ಇದು ನನಗೆ ತುಂಬಾ ನೋವು ಕೊಟ್ಟ ಸಂಗತಿ.

ಒಂದೇ ಸೂರಿನಡಿ ಇದ್ದರೆ ತಾನಾಗಿ ಪ್ರೀತಿ ಬರುತ್ತದೆ ಎನ್ನುವುದು ನಿಜವಲ್ಲ. ಸಮಾನ ಸ್ಥಾನ, ಒಂದೇ ಗುರಿ, ಕೂಡಿ ಮಾಡುವ ಕೆಲಸ, ಮೇಲಿನವರ ಬೆಂಬಲ ಇದ್ದಾಗ ಪೂರ್ವಗ್ರಹ ಕಮ್ಮಿಯಾಗುತ್ತದೆ ಎಂದು ಮನೋವಿಜ್ಞಾನಿ ಗಾರ್ಡನ್ ಆಲ್‌ಪೋರ್ಟ್ 1954ರಲ್ಲೇ ಹೇಳಿದ್ದರು. ಉತ್ತರ ಪ್ರದೇಶದಲ್ಲಿ ಮ್ಯಾಟ್ ಲೋ ಎಂಬ ಸಂಶೋಧಕರು ಬೇರೆ ಬೇರೆ ಜಾತಿಯ ಯುವಕರನ್ನು ಸೇರಿಸಿ ಕ್ರಿಕೆಟ್ ಲೀಗ್ ನಡೆಸಿದ್ದರು. ಒಂದೇ ತಂಡದಲ್ಲಿ ಆಡಿದವರ ನಡುವೆ ಜಾತಿ ಮೀರಿದ ಗೆಳೆತನ ಬೆಳೆಯಿತು. ಎದುರಾಳಿಗಳಾಗಿ ಆಡಿದಾಗ ಅದು ಕಮ್ಮಿಯಾಯಿತು. ಸವಿತಾ ಅವರ ಫ್ಲೋರ್‌ನಲ್ಲಿ ಎಲ್ಲರನ್ನೂ ಎದುರಾಳಿಗಳಾಗಿಯೇ ಕೂರಿಸಿದ್ದರು.

ಮೊದಲ ಸಲಹೆ ಕ್ಷಮೆ ಕೇಳುವುದು. ಬ್ಯಾಗ್ ನೋಡಿದ್ದು ಎಲ್ಲರೆದುರು, ಕ್ಷಮೆಯೂ ಎಲ್ಲರೆದುರೇ ಇರಲಿ. “ನನಗೂ ಪ್ರೆಷರ್ ಇತ್ತು” ಎಂಬ ಸಮಜಾಯಿಷಿ ಬೇಡ. ಅವರ ಭಾಷೆ ಬಲ್ಲ ಒಬ್ಬರು ಸರಿಯಾಗಿ ತಿಳಿಸಿ ಹೇಳಲಿ. ಎರಡನೆಯದು, ಇನ್ನು ಮುಂದೆ ಏನಾದರೂ ಕಳೆದರೆ ತಮ್ಮದೂ ಸೇರಿ ಎಲ್ಲರ ಬ್ಯಾಗ್, ಇಲ್ಲಾಂದ್ರೆ ಯಾರದ್ದೂ ಇಲ್ಲ. ಇದನ್ನು ತಣ್ಣಗಿರುವಾಗಲೇ ಗೊತ್ತು ಮಾಡಿಕೊಳ್ಳಬೇಕು. ಗಡಿಬಿಡಿಯಲ್ಲಿ ಮನಸ್ಸು ಹಳೇ ದಾರಿಯನ್ನೇ ಹಿಡಿಯುತ್ತದೆ. ಮತ್ತೆ, ಕಾಲರ್ ಹೊಲಿಯುವವರು ಒಬ್ಬರು, ಅದನ್ನು ಕೂಡಿಸುವವರು ಇನ್ನೊಬ್ಬರು ಆಗುವಂತೆ ಎರಡೂ ಕಡೆಯವರನ್ನು ಒಂದೇ ಲೈನಿನಲ್ಲಿ ಬೆರೆಸಲು ಕೇಳಿ ಎಂದೆ. ತಲೆನೋವಿಗೆ ಡಾಕ್ಟರ್ ಹತ್ತಿರ ಕಳಿಸಿದೆ. ಬಿಪಿ ಇತ್ತು.

ಸವಿತಾ ಕ್ಷಮೆ ಕೇಳಿದರು. ಮುಖ ತಿರುಗಿಸಿದ ಹುಡುಗಿ ಇನ್ನೂ ಮಾತಾಡಿಲ್ಲ. ಮಾತಾಡಲೇಬೇಕು ಎಂದು ಕಾಯಬೇಡಿ, ಅದು ಅವಳ ಹಕ್ಕು ಎಂದಿದ್ದೇನೆ. ಇನ್‌ಚಾರ್ಜ್ ಒಂದು ಲೈನ್ ಬೆರೆಸಲು ಒಪ್ಪಿದ್ದಾರೆ, ಬೋರ್ಡ್ ತೆಗೆಯಲು ಒಪ್ಪಿಲ್ಲ. ಬೋರ್ಡಿನ ವಿಷಯಕ್ಕೆ ಒಬ್ಬರೇ ಹೋಗದೆ ಬೇರೆ ಸೂಪರ್‌ವೈಸರ್‌ಗಳನ್ನೂ ಜೊತೆಗೆ ಕರೆದುಕೊಂಡು ಹೋಗಿ ಎಂದು ಹೇಳಿ ಕಳಿಸಿದ್ದೇನೆ.