ರೇಡಿಯೇಶನ್‌ನಿಂದ ಬಾಯಿ ಒಣಗಿದಾಗ ನೀರೊಂದೇ ಸಾಲದು, ಹಲ್ಲನ್ನೂ ನೋಡಿ

ತಂದೆಗೆ ಗಂಟಲಿನ ಕ್ಯಾನ್ಸರ್‌ಗೆ ರೇಡಿಯೇಶನ್ ನಡೀತಿದೆ, ಎಷ್ಟು ನೀರು ಕೊಟ್ಟರೂ ಬಾಯಿ ಒಣಗಿ ಊಟ ಇಳೀತಿಲ್ಲ, ಏನು ಮಾಡೋದು ಅಂತ ಕೇಳಿದ್ದೀರಿ. ನಮ್ಮ ಅಮ್ಮನಿಗೂ ಇದೇ ಚಿಕಿತ್ಸೆ ಇಲ್ಲೇ ಬೆಂಗಳೂರಲ್ಲಿ ಆಯಿತು, ಜೊತೆಗಿದ್ದು ನೋಡಿಕೊಂಡಿದ್ದು ನಾನೇ.

ಕಿವಿ ಮುಂದೆ ಮತ್ತು ದವಡೆ ಕೆಳಗೆ ಜೊಲ್ಲು ಗ್ರಂಥಿಗಳಿವೆ. ಕಿರಣ ಅವಕ್ಕೂ ತಾಗುತ್ತೆ. ತೆಳ್ಳಗಿನ ಜೊಲ್ಲು ಮೊದಲು ಕಡಿಮೆಯಾಗುತ್ತೆ, ಉಳಿದದ್ದು ಅಂಟಂಟಾಗಿ ನೂಲಿನ ಹಾಗೆ ಬರುತ್ತೆ. ಇದಕ್ಕೆ ನೀರು ಕುಡಿಸಿದರೆ ಸಾಲದು, ಬಾಯಿ ತೊಳೆಸಬೇಕು. ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಒಂದು ಟೀ ಚಮಚ ಉಪ್ಪು, ಒಂದು ಟೀ ಚಮಚ ಅಡುಗೆ ಸೋಡಾ. ದಿನಾ ಹೊಸದಾಗಿ ಮಾಡಿ. ಮುಕ್ಕಳಿಸಿ ಉಗುಳಲಿ, ನುಂಗೋದು ಬೇಡ. ಅಮ್ಮ ಊಟಕ್ಕೆ ಮುಂಚೆ ಮುಕ್ಕಳಿಸಿದರೆ ಅಂಗುಳಕ್ಕೆ ಅಂಟಿದ್ದ ಗೋಂದಿನಂಥದ್ದು ಬಿಟ್ಟುಕೊಂಡು ಬರ್ತಿತ್ತು, ಆಮೇಲೆ ನಾಲ್ಕು ಚಮಚ ರಾಗಿ ಗಂಜಿ ಇಳೀತಿತ್ತು.

ಚಪಾತಿ, ರೊಟ್ಟಿ ಸದ್ಯಕ್ಕೆ ಬಿಡಿ. ಮೆತ್ತಗೆ ಬೆಂದ ಅನ್ನಕ್ಕೆ ಖಾರ ಇಲ್ಲದ ತಿಳಿಸಾರು, ತುಪ್ಪ. ಇಡ್ಲಿಯನ್ನು ಬೇಳೆಕಟ್ಟಿನಲ್ಲಿ ಪೂರ್ತಿ ನೆನೆಸಿ ಕೊಡಿ. ಹುಳಿ ಮಜ್ಜಿಗೆ ಉರಿಯುತ್ತೆ. ನುಂಗುವಾಗ ಕೆಮ್ಮು ಬಂದರೆ ಡಾಕ್ಟರಿಗೆ ತಪ್ಪದೆ ಹೇಳಿ.

ಈಗ ಹಲ್ಲಿನ ವಿಷಯ. ಇದನ್ನೇ ಎಲ್ಲರೂ ಮರೆಯೋದು. ಜೊಲ್ಲು ಇಲ್ಲದ ಬಾಯಲ್ಲಿ ಹಲ್ಲು ಬುಡದಿಂದ ಬೇಗ ಹುಳುಕಾಗುತ್ತೆ. ಕಿರಣ ಬಿದ್ದ ದವಡೆಯಲ್ಲಿ ಹಲ್ಲು ಕೀಳಿಸಿದರೆ ಗಾಯ ಮಾಯದೆ ಮೂಳೆಯೇ ಸಾಯುವ ಅಪಾಯ ಇದೆ, ವರ್ಷಗಳ ಮೇಲೂ ಇದೆ. ಅದಕ್ಕೇ ಕೀಳಬೇಕಾದ ಹಲ್ಲನ್ನು ರೇಡಿಯೇಶನ್ ಶುರುವಾಗುವ 2-3 ವಾರ ಮುಂಚೆಯೇ ಕೀಳಿಸೋದು. ಆ ಹೊತ್ತು ನಿಮಗೆ ದಾಟಿದೆ, ಆದರೂ ಈಗಲೇ ಡೆಂಟಿಸ್ಟ್‌ಗೆ ತೋರಿಸಿ, ಫ್ಲೋರೈಡ್ ಜೆಲ್ ಬರೆಸಿಕೊಳ್ಳಿ. ಖರ್ಚಿನ ಚಿಂತೆ ಇದ್ದರೆ ಬೆಂಗಳೂರಿನ ಕೋಟೆ ಹತ್ತಿರ ಸರ್ಕಾರಿ ಡೆಂಟಲ್ ಕಾಲೇಜಿದೆ. ಬ್ರಷ್ ತುಂಬ ಮೆತ್ತಗಿರಲಿ. ಆಲ್ಕೋಹಾಲ್ ಇರುವ ಮೌತ್‌ವಾಶ್ ಬೇಡ. ಬಂದ ನೆಂಟರೆಲ್ಲ ನಿಂಬೆಹಣ್ಣು ಚೀಪಿಸಿ, ಪೆಪ್ಪರ್‌ಮಿಂಟ್ ಕೊಡಿ, ಜೊಲ್ಲು ಬರುತ್ತೆ ಅಂತಾರೆ. ಪ್ರೀತಿಯಿಂದಲೇ ಹೇಳೋದು, ಆದರೆ ಹುಳಿ ಉರಿಸುತ್ತೆ, ಹುಳಿ, ಸಕ್ಕರೆ ಎರಡೂ ಹಲ್ಲನ್ನು ತಿನ್ನುತ್ತವೆ. ರೇಡಿಯೇಶನ್‌ನಿಂದ ಆದ ಬಾಯಿಹುಣ್ಣು ಮಾಯ್ದ ಮೇಲೆ ಸಕ್ಕರೆ ಇಲ್ಲದ ಚೂಯಿಂಗ್ ಗಮ್ ಜಗಿಯಬಹುದು. ಎಲೆ ಅಡಿಕೆ, ಕಡ್ಡಿಪುಡಿ ಯಾವತ್ತೂ ಬೇಡ.

ರಾತ್ರಿ ಬಾಯಿ ತೆರೆದು ಮಲಗಿದರೆ ಇನ್ನೂ ಕಷ್ಟ. ನಮ್ಮೂರಿನ ಫೆಬ್ರವರಿ-ಮಾರ್ಚ್ ಗಾಳಿಯೇ ಒಣ, ಫ್ಯಾನ್ ಮುಖಕ್ಕೆ ಹೊಡೆಯದ ಹಾಗೆ ಮಂಚ ಸರಿಸಿ. ಕೃತಕ ಜೊಲ್ಲಿನ ಸ್ಪ್ರೇ ಮೆಡಿಕಲ್ ಸ್ಟೋರ್‌ನಲ್ಲಿ ಕೇಳಿ, ದಿಂಬಿನ ಪಕ್ಕ ಇಟ್ಟರೆ ಸ್ವಲ್ಪ ಹೊತ್ತು ನಿದ್ದೆ ಬರುತ್ತೆ.

ಪೈಲೋಕಾರ್ಪಿನ್ ಅಂತ ಜೊಲ್ಲು ಬರಿಸುವ ಮಾತ್ರೆ ಇದೆ. ಬೆವರು ಜಾಸ್ತಿ ಮಾಡುತ್ತೆ, ಹತೋಟಿಗೆ ಬಾರದ ಅಸ್ತಮಾ ಇದ್ದವರಿಗೆ ಕೊಡಲ್ಲ, ಸುಮ್ನೆ ನೀವೇ ತಂದು ಕೊಡಬೇಡಿ. ಚಿಕಿತ್ಸೆ ಮುಗಿದರೂ ಜೊಲ್ಲು ತಿಂಗಳುಗಟ್ಟಲೆ ಸರಿಹೋಗದೇ ಇರಬಹುದು, ಕೆಲವರಿಗೆ ಪೂರ್ತಿ ಮರಳೋದೇ ಇಲ್ಲ. ತಂದೆಗೆ ಇದನ್ನು ಮೊದಲೇ ತಿಳಿಸಿ. ಬಾಯಲ್ಲಿ ಬಿಳಿ ಪದರ ಕಂಡರೆ ಫಂಗಸ್ ಇರಬಹುದು, ಅದಕ್ಕೆ ಔಷಧಿ ಇದೆ. ಜ್ವರ ಬಂದರೆ, ನೀರೂ ಇಳಿಯದಿದ್ದರೆ ಮುಂದಿನ ವಿಸಿಟ್ ತನಕ ಕಾಯಬೇಡಿ, ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.