ಒಂದು ಲಕ್ಷ ವ್ಯೂಸ್ ಕೊಳ್ಳುವ ಮೊದಲು ಬೀಟಿನ ಕಾಗದ ನೋಡು

ನಮ್ಮ ಕೊಡಗಿನ ರ‍್ಯಾಪ್ ಗುಂಪಿನಲ್ಲಿ ಸುಂಟಿಕೊಪ್ಪದ ತಮ್ಮ ಹಾಕಿದ ಪೋಸ್ಟಿಗೆ ಇದು ಉತ್ತರ. ಉದ್ದ ಆಗಿದೆ, ಬೈಯಬೇಡಿ. ತನ್ನ ರ‍್ಯಾಪ್ ಹಾಡಿಗೆ ಅವನ ಪ್ಲಾನ್ ಹೀಗಿದೆ: ಅಪ್ಪ ಕಾಫಿ ಮಾರಿದ ದುಡ್ಡಲ್ಲಿ ಅರವತ್ತು ಸಾವಿರ ಇಸಕೊಂಡು ಮಾಂದಲಪಟ್ಟಿ ಬೆಟ್ಟದಲ್ಲಿ ಡ್ರೋನ್ ಹಾರಿಸಿ ವಿಡಿಯೋ, ಟೆಲಿಗ್ರಾಮಿನಲ್ಲಿ ಸಿಕ್ಕ ಬೀಟು (ರ‍್ಯಾಪಿನ ಹಿಂದೆ ಬರುವ ಸಂಗೀತ), ಮೇಲೊಂದು ಲಕ್ಷ ವ್ಯೂಸಿನ ಪ್ಯಾಕೇಜು. ಕೊನೆಗೆ ಕೇಳಿದ್ದಾನೆ, ‘ಈಗಲೂ ಅಂಡರ್‌ಗ್ರೌಂಡ್ ರ‍್ಯಾಪರ್‌ಗಳಿಗೆ ಚಾನ್ಸ್ ಇದ್ಯಾ?’

ಚಾನ್ಸ್ ಇದೆ ತಮ್ಮ. ಆದರೆ ಈ ದಾರಿಯಲ್ಲಿ ನಾವು ಹೋಗಿ ಬಂದಾಗಿದೆ. ನಮ್ಮ ಕ್ರೂನ ಮೊದಲ ಹಾಡಿನ ಗತಿ ಇಲ್ಲಿನ ಹಳಬರಿಗೆಲ್ಲ ಗೊತ್ತು.

ಬೀಟಿನ ವಿಷಯ ಮೊದಲು. ‘ಫ್ರೀ ಬೀಟ್ ಬ್ರೋ, ಟ್ಯಾಗ್ ತೆಗೆದು ಕೊಟ್ಟಿದ್ದಾರೆ’ ಅಂತ ಬರೆದಿದ್ದೀಯ. ಟ್ಯಾಗ್ ಅಂದರೆ ಬೀಟಿನ ಮಧ್ಯೆ ಮಾಡಿದವನ ಹೆಸರು ಹೇಳುವ ದನಿ. ಅದನ್ನು ತೆಗೆದವನು ಬೀಟ್ ಮಾಡಿದವನೇ ಅಂತ ಏನು ಗ್ಯಾರಂಟಿ? ನಮಗೂ ಹಾಗೇ ಒಂದು ಎಂಪಿ3 ಸಿಕ್ಕಿತ್ತು. ಹಾಡು ಹೊರಗೆ ಬಂದು ವಾರ ಕಳೆಯುವಷ್ಟರಲ್ಲಿ ಯೂಟ್ಯೂಬಿನ ಕಂಟೆಂಟ್ ಐಡಿ (ಬೇರೆಯವರ ಸಂಗೀತ ಬಳಸಿದ್ದನ್ನು ಹಿಡಿಯುವ ವ್ಯವಸ್ಥೆ) ಕ್ಲೇಮ್ ಬಂತು. ಆ ಬೀಟಿನ ಎಕ್ಸ್‌ಕ್ಲೂಸಿವ್ ಹಕ್ಕನ್ನು ಯಾರೋ ಕೊಂಡಿದ್ದರು. ಡಿಸ್ಪ್ಯೂಟ್ ಹಾಕೋಣ ಅಂದರೆ ಕೈಯಲ್ಲಿ ತೋರಿಸಲು ಕಾಗದವೇ ಇಲ್ಲ. ಆಮೇಲೆ ಹಾಡೇ ಇಳಿಯಿತು. ಬೇರೆ ಬೀಟ್ ಹಾಕಿ ಮತ್ತೆ ಬಿಡೋಣ ಅಂದರೆ ವಿಡಿಯೋದಲ್ಲಿ ತುಟಿ ಆಡುವುದು ಹಳೇ ಬೀಟಿನ ಲೆಕ್ಕಕ್ಕೆ. ಅದೇ ವೇಗದ, 92 ಬಿಪಿಎಮ್ಮಿನ ಇನ್ನೊಂದು ಹುಡುಕಿ ಕೂರಿಸಿದೆವು. ತುಟಿ ಹೇಗೋ ಕೂತಿತು. ಆದರೆ ನಾವು ಜೀಪಿನಿಂದ ಹಾರುವ ಕಡೆ ಹಳೆಯದರಲ್ಲಿ ಡ್ರಾಪ್ (ಬೀಟು ಜೋರಾಗಿ ಬಂದು ಬೀಳುವ ಜಾಗ) ಇತ್ತು, ಹೊಸದರಲ್ಲಿ ಬರೀ ಪಿಯಾನೋ. ಐದು ಜನ ಗಂಭೀರವಾಗಿ ಪಿಯಾನೋಗೆ ಹಾರುತ್ತಿದ್ದಾರೆ! ವಿಡಿಯೋ ದುಡ್ಡು ಅಲ್ಲಿಗೇ ಹೋಯಿತು.

ಹಾಗಾಗಿ ಲೀಸ್ (ಬೀಟು ಬಾಡಿಗೆಗೆ, ಬೇರೆಯವರೂ ತಗೋಬಹುದು) ಆದರೂ ಸರಿ, ಮಾಡಿದವನ ಹತ್ತಿರವೇ ತಗೋ. ಲೈಸೆನ್ಸ್ ಪಿಡಿಎಫ್‌ನಲ್ಲಿ ನಿನ್ನ ಹೆಸರು, ತಾರೀಕು, ಎಷ್ಟು ಸ್ಟ್ರೀಮ್‌ವರೆಗೆ ಅನ್ನುವುದು ಇರಬೇಕು. ಅದನ್ನು ಮೇಲ್‌ನಲ್ಲೂ ಇಟ್ಟುಕೋ, ಫೋನ್ ಹಾಳಾಗುತ್ತದೆ. ಎಂಪಿ3 ಲೀಸ್ ಬೇಡ, ಸಾಧ್ಯವಾದರೆ ಟ್ರ್ಯಾಕ್‌ಔಟ್ ತಗೋ. ಕಿಕ್ ಒಂದು ಕಡೆ, ಮೆಲಡಿ ಒಂದು ಕಡೆ ಸಿಕ್ಕಿದರೆ ಮಿಕ್ಸ್ ಮಾಡುವವನು ನಿನ್ನ ದನಿಗೆ ಜಾಗ ಮಾಡಬಹುದು. ಇನ್ನೊಂದು, ಲೀಸ್ ಬೀಟಿನ ಹಾಡನ್ನು ನೀನು ಕಂಟೆಂಟ್ ಐಡಿಗೆ ಹಾಕಬೇಡ. ಡಿಸ್ಟ್ರಿಬ್ಯೂಟರ್ (ಹಾಡನ್ನು ಸ್ಪಾಟಿಫೈ ಮುಂತಾದ ಕಡೆಗೆ ತಲುಪಿಸುವವರು) ಫಾರ್ಮಿನಲ್ಲಿ ಆ ಬಾಕ್ಸ್ ನೋಡಿ ಎಲ್ಲರೂ ಸುಮ್ನೆ ಟಿಕ್ ಮಾಡುತ್ತಾರೆ. ಅದೇ ಬೀಟ್ ತಗೊಂಡ ಬೇರೆಯವರಿಗೆಲ್ಲ ನಿನ್ನ ಹೆಸರಲ್ಲಿ ಕ್ಲೇಮ್ ಹೋಗುತ್ತದೆ.

ಇದಕ್ಕಿಂತ ಒಳ್ಳೆಯದು ಬೀಟನ್ನೇ ಇಲ್ಲಿ ಮಾಡುವುದು. ಸಿಕ್ಕಿದವರಿಗೆಲ್ಲ ನಾನು ಇದನ್ನೇ ಹೇಳುವುದು, ಬೇಜಾರಾದರೆ ಈ ಪ್ಯಾರಾ ಬಿಡಿ. ನಮ್ಮ ದುಡಿ (ಕೋಲಿನಲ್ಲಿ ಬಾರಿಸುವ ಸಣ್ಣ ಚರ್ಮವಾದ್ಯ) ರೆಕಾರ್ಡ್ ಮಾಡು. ರೂಮಿನೊಳಗೆ ಬೇಡ, ಡಬ್ಬಾ ಬಡಿದ ಹಾಗೆ ಬರುತ್ತದೆ. ಜಗಲಿಯಲ್ಲಿ ಕೂರಿಸು, ಮೈಕ್ ಒಂದು ಮಾರು ದೂರ ಇಡು, ಚರ್ಮಕ್ಕೆ ನೇರ ಹಿಡಿಯದೆ ಸ್ವಲ್ಪ ಓರೆಯಾಗಿ. ಹತ್ತಿರ ಇಟ್ಟರೆ ಕೋಲು ಬೀಳುವ ಚಟ್ ಅನ್ನುವ ಸದ್ದು ಮಾತ್ರ ಸಿಗುತ್ತದೆ, ಒಳಗಿನ ಗುಮ್ಮು ಸಿಗುವುದಿಲ್ಲ. ಬಾರಿಸುವವರ ಕಿವಿಗೆ ಕ್ಲಿಕ್ (ತಾಳದ ಟಿಕ್ ಟಿಕ್) ಹಾಕಿದರೆ ಕೈ ಕಟ್ಟಿದ ಹಾಗಾಗುತ್ತದೆ. ಅವರ ಪಾಡಿಗೆ ಬಾರಿಸಲಿ. ಹಾಡು ಏರಿದ ಹಾಗೆ ಅವರ ವೇಗವೂ ಏರುತ್ತದೆ. ಮಧ್ಯದಲ್ಲಿ ಒಂದೇ ಸಮ ಇರುವ ನಾಲ್ಕು ಸುತ್ತು ಕತ್ತರಿಸಿ ಲೂಪ್ ಮಾಡು. ಕ್ವಾಂಟೈಜ್ (ಪೆಟ್ಟುಗಳನ್ನು ತಾಳಕ್ಕೆ ಸರಿಯಾಗಿ ಕೂರಿಸುವ ಬಟನ್) ಪೂರ್ತಿ ಒತ್ತಬೇಡ, ಆ ಸಣ್ಣ ಜಾರಾಟ ಹೋದರೆ ಅದು ದುಡಿಯೇ ಅಲ್ಲ. ಕೆಳಗೆ 808 ಬೇಸ್ ಹಾಕು ಸಾಕು. ಬಾರಿಸಿದವರಿಗೆ ದುಡ್ಡು ಕೊಡು, ಹೆಸರು ಹಾಕು. ಸಾವಿನ ಮನೆಯ ಹಾಡು, ದೇವರ ಹಾಡು ಎತ್ತಿಕೊಳ್ಳಬೇಡ. ಯಾವುದು ಮುಟ್ಟಬಹುದು ಅಂತ ಹಿರಿಯರನ್ನು ಕೇಳು.

ಈಗ ವ್ಯೂಸ್ ಪ್ಯಾಕೇಜು. ಅದನ್ನು ಮಾರುವವನಿಗೆ ಒಂದು ರೂಪಾಯಿ ಕೊಡಬೇಡ. ಯೂಟ್ಯೂಬ್ ನಕಲಿ ವ್ಯೂಸ್ ಅಳಿಸುತ್ತದೆ. ಸ್ಪಾಟಿಫೈ 2024ರಿಂದ ನಕಲಿ ಸ್ಟ್ರೀಮಿಗೆ ಡಿಸ್ಟ್ರಿಬ್ಯೂಟರ್‌ಗೇ ದಂಡ ಹಾಕುತ್ತಿದೆ, ಅವರು ನಿನ್ನ ಹಾಡನ್ನು ಕಿತ್ತು ಹಾಕುತ್ತಾರೆ. ಉಳಿದರೂ ಏನು ಬಂತು? ಎಲ್ಲಿಯದೋ ಬಾಟ್ ಹತ್ತು ಸೆಕೆಂಡ್ ಕೇಳಿ ಹೋದರೆ, ಈ ಹಾಡು ಯಾರಿಗೂ ಹಿಡಿಸಲಿಲ್ಲ ಅಂತ ಅಲ್ಗಾರಿದಮ್ ಲೆಕ್ಕ ಹಾಕುತ್ತದೆ. ಆಮೇಲೆ ಗೋಣಿಕೊಪ್ಪದ ಹುಡುಗನಿಗೂ ಅದು ತೋರಿಸುವುದಿಲ್ಲ.

ಸ್ಟ್ರೀಮಿಂಗ್ ದುಡ್ಡನ್ನೂ ಜಾಸ್ತಿ ನಂಬಬೇಡ. ಸ್ಪಾಟಿಫೈನಲ್ಲಿ ಒಂದು ಹಾಡು 12 ತಿಂಗಳಲ್ಲಿ 1000 ಸ್ಟ್ರೀಮ್ ದಾಟದಿದ್ದರೆ ಪೈಸೆಯೂ ಇಲ್ಲ. ಯೂಟ್ಯೂಬಿನ ಜಾಹೀರಾತು ಪಾಲಿಗೆ 1000 ಸಬ್‌ಸ್ಕ್ರೈಬರ್ ಜೊತೆಗೆ ವರ್ಷಕ್ಕೆ 4000 ಗಂಟೆ ವಾಚ್ ಟೈಮ್, ಇಲ್ಲವಾದರೆ 90 ದಿನದಲ್ಲಿ ಶಾರ್ಟ್ಸ್‌ಗೆ ಒಂದು ಕೋಟಿ ವ್ಯೂಸ್ ಬೇಕು. ಡಿಸ್ಟ್ರಿಬ್ಯೂಟರ್‌ಗಳಲ್ಲಿ ಡಿಸ್ಟ್ರೋಕಿಡ್ ತಗೊಂಡರೆ ವರ್ಷ ವರ್ಷ ಕಟ್ಟಬೇಕು, ನಿಲ್ಲಿಸಿದರೆ ಹಾಡು ಇಳಿಯುತ್ತದೆ (ಉಳಿಸಿಕೊಳ್ಳಲು ಬೇರೆ ದುಡ್ಡು). ಅಪರೂಪಕ್ಕೆ ಹಾಡು ಬಿಡುವವರಿಗೆ ಸಿಡಿ ಬೇಬಿ ವಾಸಿ, ಒಮ್ಮೆ ಕಟ್ಟಿದರೆ ಆಯಿತು. ಸಾಹಿತ್ಯ, ಟ್ಯೂನ್ ನಿನ್ನದೇ ಆದರೆ ಬರೆದವರಿಗೆ ರಾಯಲ್ಟಿ ವಸೂಲು ಮಾಡಿಕೊಡುವ ಐಪಿಆರ್‌ಎಸ್ ಸದಸ್ಯನಾಗು.

ಹಾಗಾದರೆ ಗೆದ್ದವರು ಹೇಗೆ ಗೆದ್ದರು ಅಂತ ಕೇಳುತ್ತೀಯ. ಮುಂಬೈನ ರ‍್ಯಾಪರ್ ನೇಜ಼ಿ 2014ರಲ್ಲಿ ತನ್ನ ಮೊದಲ ಹಾಡು ಮಾಡಿದ್ದು ಐಪ್ಯಾಡಿನಲ್ಲಿ, ಡ್ರೋನ್ ಎಲ್ಲಿತ್ತು? ಹನುಮಾನ್‌ಕೈಂಡ್ 2024ರಲ್ಲಿ ‘ಬಿಗ್ ಡಾಗ್ಸ್’ ಹಾಡು ಇಟ್ಟುಕೊಂಡು ಅಮೆರಿಕದ ಬಿಲ್‌ಬೋರ್ಡ್ ಹಾಟ್ 100 ಪಟ್ಟಿಗೆ ಹೋದದ್ದು ಎಲ್ಲರಿಗೂ ಗೊತ್ತು. ಅದಕ್ಕೂ ಮೊದಲು ವರ್ಷಗಟ್ಟಲೆ ಬೆಂಗಳೂರಿನ ಸಣ್ಣ ಸ್ಟೇಜ್‌ಗಳಲ್ಲಿ ಹಾಡಿದ್ದು, 2019ರಲ್ಲೇ ಇಪಿ (ಸಣ್ಣ ಆಲ್ಬಮ್) ಬಿಟ್ಟಿದ್ದು ಎಷ್ಟು ಜನಕ್ಕೆ ಗೊತ್ತು? ನನಗೆ ಇವರಿಗಿಂತ ಅಮೆರಿಕದ ರ‍್ಯಾಪರ್ ನಿಪ್ಸಿ ಹಸಲ್ ಲೆಕ್ಕ ಇಷ್ಟ. 2013ರಲ್ಲಿ ಮಿಕ್ಸ್‌ಟೇಪನ್ನು ನೆಟ್‌ನಲ್ಲಿ ಫ್ರೀಯಾಗಿ ಬಿಟ್ಟ, ಅದರದ್ದೇ 1000 ಪ್ರತಿಯನ್ನು ಒಂದಕ್ಕೆ 100 ಡಾಲರಿನಂತೆ ಮಾರಿದ. ಜೇ-ಜ಼ಿ ಅನ್ನುವ ದೊಡ್ಡ ರ‍್ಯಾಪರ್ ಒಬ್ಬನೇ ನೂರು ಕೊಂಡ. ಲಾಸ್ ಏಂಜಲೀಸ್ ಎಲ್ಲಿ, ನಾವೆಲ್ಲಿ, ಸರಿ. ಆದರೂ ಹಾಡಿನ ಸಾಲು ಬಾಯಿಪಾಠ ಬರುವ ನೂರು ಜನ ಮಡಿಕೇರಿ, ಕುಶಾಲನಗರ, ವಿರಾಜಪೇಟೆ ಸೇರಿಸಿದರೆ ಸಿಗುವುದಿಲ್ವಾ? ಅವರು ಟಿ-ಶರ್ಟ್ ಕೊಳ್ಳುತ್ತಾರೆ, ಕಾಲೇಜ್ ಫೆಸ್ಟಿಗೆ ನಿನ್ನ ಹೆಸರು ಹೇಳುತ್ತಾರೆ. ಅವರು ಸಿಗುವವರೆಗೆ ವಿಡಿಯೋ ಫೋನಿನಲ್ಲೇ ಇರಲಿ.

ಯಾವ ಭಾಷೆಯಲ್ಲಿ ಬರೆಯಬೇಕು ಅಂತ ಕೇಳಿದವರಿಗೂ ಇಲ್ಲೇ ಹೇಳಿಬಿಡುತ್ತೇನೆ. ಕೊಡವ ತಕ್ಕ್, ಅರೆಭಾಷೆ, ಯಾವುದು ಮನೆಯಲ್ಲಿ ಆಡುತ್ತೀರೋ ಅದರಲ್ಲಿ ಬರೆಯಿರಿ, ಕೆಳಗೆ ಕನ್ನಡ ಸಬ್‌ಟೈಟಲ್ ಹಾಕಿ. ಕೇಳುವವರು ಕಡಿಮೆ ಅನ್ನುವುದು ನಿಜ, ಆದರೆ ಅವರು ಶೇರ್ ಮಾಡದೆ ಬಿಡುವುದಿಲ್ಲ. ಆದರೆ ಪ್ರತೀ ಹಾಡಿನಲ್ಲೂ ಮಂಜು, ಕಾಫಿ, ಕೋವಿ, ಪೀಚೆಕತ್ತಿ ಬರಲೇಬೇಕಾ ಮಾರಾಯ್ರೆ? ಟೂರಿಸಂ ಜಾಹೀರಾತು ಆಗಿಬಿಟ್ಟಿದೆ. ಆನೆ ಬಂದ ತೋಟಕ್ಕೆ ಬೆಳಗ್ಗೆ ಕೆಲಸಕ್ಕೆ ಹೋಗುವವರ ಬಗ್ಗೆ ಯಾರಾದರೂ ಬರೆದಿದ್ದೀರಾ? ಕೋವಿ ಹಿಡಿದು ರೀಲ್ಸ್ ಮಾಡುವವರಿಗೆ ಇನ್ನೊಂದು ಮಾತು. ಕೋವಿಗೆ ಕೊಡವರಿಗಿರುವ ವಿನಾಯಿತಿ ಲೈಸೆನ್ಸಿಗೆ ಮಾತ್ರ, ಶೋಕಿಗಲ್ಲ. ಡ್ರೋನ್ ಕೂಡ ಅರಣ್ಯದ ಜಾಗದಲ್ಲಿ ಪರ್ಮಿಷನ್ ಇಲ್ಲದೆ ಎತ್ತಬೇಡಿ.

ಮೈಕ್: ಬಿಎಂ-800 ಥರದ ಕಂಡೆನ್ಸರ್ ನಮ್ಮ ಮನೆಗಳಿಗೆ ದಂಡ. ಜೂನ್‌ನಲ್ಲಿ ಶೀಟ್ ಮೇಲೆ ಬೀಳುವ ಮಳೆ, ಫೆಬ್ರವರಿಯಲ್ಲಿ ಸ್ಪ್ರಿಂಕ್ಲರ್ ಮೋಟರ್, ಎಲ್ಲವನ್ನೂ ಎಳೆದುಕೊಳ್ಳುತ್ತದೆ. ಶೂರ್ ಎಸ್‌ಎಂ58 ತಗೋ, ಸೆಕೆಂಡ್ ಹ್ಯಾಂಡ್ ಆದರೂ ಪರವಾಗಿಲ್ಲ, ಡೂಪ್ಲಿಕೇಟ್ ಜಾಸ್ತಿ ಇದೆ, ನೋಡಿ ತಗೋ. ಬಟ್ಟೆ ತುಂಬಿದ ಬೀರು ಬಾಗಿಲು ತೆರೆದು ಅದರೊಳಗೆ ಮುಖ ಇಟ್ಟು ಹಾಡು. ಹಿಂದೆ ಕಂಬಳಿ ಕಟ್ಟು. ಗೋಣಿ ಚೀಲ ಕಟ್ಟಬೇಡ, ಸದ್ದು ಹೀರುವುದಕ್ಕಿಂತ ಧೂಳು ಜಾಸ್ತಿ, ಎರಡನೇ ಟೇಕಿಗೇ ಕೆಮ್ಮು. ಮಳೆಗಾಲದಲ್ಲಿ ಮೈಕನ್ನು ಸಿಲಿಕಾ ಜೆಲ್ ಹಾಕಿದ ಡಬ್ಬದಲ್ಲಿ ಇಡು, ಇಲ್ಲದಿದ್ದರೆ ಬೂಷ್ಟು. ಸಾಫ್ಟ್‌ವೇರ್‌ಗೆ ರೀಪರ್ (ರೆಕಾರ್ಡಿಂಗ್ ಮಾಡುವಂಥದ್ದು) ಸಾಕು. ಕ್ರ್ಯಾಕ್ (ಕದ್ದ ಸಾಫ್ಟ್‌ವೇರ್) ಹಾಕಿ ಲ್ಯಾಪ್‌ಟಾಪ್ ವೈರಸ್ ಮಾಡಿಕೊಂಡವರು ಈ ಗುಂಪಿನಲ್ಲೇ ಇದ್ದಾರೆ, ಹೆಸರು ಹೇಳುವುದಿಲ್ಲ.

ದಸರಾ ಸ್ಟೇಜ್ ಸಿಕ್ಕಿದವರು ಶೋ ವರ್ಷನ್ ಬೇರೆ ಮಾಡಿಕೊಳ್ಳಿ: ಮುಖ್ಯ ದನಿ ತೆಗೆದು ಡಬಲ್ಸ್ (ಅದರ ಮೇಲೆ ಮತ್ತೆ ಹಾಡಿ ಸೇರಿಸಿದ ದನಿ) ಮಾತ್ರ ಬಿಟ್ಟ ವೇವ್ ಫೈಲ್. ಪೆನ್‌ಡ್ರೈವಿನಲ್ಲಿ ಒಂದು, ಫೋನಿನಲ್ಲಿ ಒಂದು, ಜೊತೆಗೆ ಆಕ್ಸ್ ಕೇಬಲ್. ಸೌಂಡಿನವರು ಬ್ಲೂಟೂತ್ ಸಾಕು ಅಂದರೆ ಒಪ್ಪಬೇಡಿ, ಎರಡನೇ ವರ್ಸ್‌ನಲ್ಲಿ ಯಾರದ್ದೋ ಫೋನ್ ರಿಂಗ್ ಆಗುತ್ತದೆ. ಅಡ್ವಾನ್ಸ್ ಅರ್ಧ ಮೊದಲೇ ಇಸಕೊಳ್ಳಿ, ‘ಎಕ್ಸ್‌ಪೋಷರ್ ಸಿಗುತ್ತೆ’ ಅನ್ನುವ ಕಮಿಟಿಯವರು ಶಾಮಿಯಾನದವರಿಗೆ ಹಾಗೆ ಹೇಳುವುದಿಲ್ಲ.

ತಮ್ಮ, ಡ್ರೋನಿನವರಿಗೆ ಅಡ್ವಾನ್ಸ್ ಕೊಟ್ಟಾಗಿದ್ಯಾ? ಕೊಟ್ಟಿಲ್ಲ ಅಂದರೆ ಇವತ್ತು ಕೊಡಬೇಡ. ಟೆಲಿಗ್ರಾಮಿನವನ ಹತ್ತಿರ ಲೈಸೆನ್ಸ್ ಕೇಳು, ಏನು ಕಳಿಸುತ್ತಾನೋ ಸ್ಕ್ರೀನ್‌ಶಾಟ್ ಇಲ್ಲಿ ಹಾಕು. ವರ್ಸ್ ಫೋನಿನಲ್ಲೇ ಬೀಟ್ ಇಲ್ಲದೆ ಒಂದು ಸಲ ಹೇಳಿ ಕಳಿಸು, ಸಂಜೆ ಕರೆಂಟ್ ಇದ್ದರೆ ಕೇಳುತ್ತೇನೆ.