80ಕ್ಕೆ 1 ಎಂದರೆ ಗಾಬರಿಯಾಗಬೇಕೇ?

ಪ್ರಶ್ನೆ: ನನಗೆ 38 ವರ್ಷ, ಊರು ಚಳ್ಳಕೆರೆ ಸಮೀಪ. ಎರಡನೆಯ ಸಲ ಗರ್ಭಿಣಿ, 13 ವಾರ. ಚಿತ್ರದುರ್ಗದಲ್ಲಿ ಮಾಡಿಸಿದ ಡಬಲ್ ಮಾರ್ಕರ್ ವರದಿಯಲ್ಲಿ ಡೌನ್ ಸಿಂಡ್ರೋಮ್‌ಗೆ 1:80, ಹೈ ರಿಸ್ಕ್ ಎಂದು ಬಂದಿದೆ. ಸೋದರಮಾವನನ್ನು ಮದುವೆಯಾದದ್ದೇ ಕಾರಣವೆಂದು ಮನೆಯವರು ಹೇಳುತ್ತಾರೆ. ಗರ್ಭ ತೆಗೆಸಿಬಿಡು ಎನ್ನುವವರೂ ಇದ್ದಾರೆ. ಏನು ಮಾಡಲಿ?

ಉತ್ತರ: ಈ ವರದಿಯೊಂದನ್ನೇ ನಂಬಿ ಗರ್ಭ ತೆಗೆಸಬೇಡಿ. ಇದೇ ಅಂಕಿ ಬಂದ 80 ಗರ್ಭಿಣಿಯರಲ್ಲಿ 79 ಮಂದಿಯ ಮಗುವಿಗೆ ಡೌನ್ ಸಿಂಡ್ರೋಮ್ ಇರುವುದಿಲ್ಲ. ಡಬಲ್ ಮಾರ್ಕರ್ ಮಗುವಿನ ವರ್ಣತಂತುಗಳನ್ನು ನೋಡುವುದೇ ಇಲ್ಲ. ನಿಮ್ಮ ರಕ್ತದಲ್ಲಿರುವ ಎರಡು ಅಂಶಗಳ ಪ್ರಮಾಣವನ್ನು, ಸ್ಕ್ಯಾನಿನಲ್ಲಿ ಅಳೆದ ಮಗುವಿನ ಕತ್ತಿನ ಹಿಂದಿನ ದ್ರವದ ದಪ್ಪವನ್ನು (ಎನ್‌ಟಿ) ಮತ್ತು ನಿಮ್ಮ ವಯಸ್ಸನ್ನು ಕೂಡಿಸಿ ಸಂಭವವನ್ನು ಲೆಕ್ಕ ಹಾಕುತ್ತದೆ. 38ರ ವಯಸ್ಸಿನಲ್ಲಿ ಬೇರೆ ಯಾವ ಕಾರಣವಿಲ್ಲದಿದ್ದರೂ ಹೆರಿಗೆಯ ಹೊತ್ತಿಗೆ ಈ ಸಂಭವ ಸುಮಾರು 180ಕ್ಕೆ 1 ಇರುತ್ತದೆ. ವಾರ ಅಥವಾ ತೂಕವನ್ನು ತಪ್ಪಾಗಿ ಬರೆದಿದ್ದರೆ ಲೆಕ್ಕವೇ ಬದಲಾಗುವುದರಿಂದ ಮೊದಲು ಅದನ್ನು ಸರಿನೋಡಿ. ಮುಟ್ಟಿನ ದಿನಾಂಕ ಅಂದಾಜಿನಲ್ಲಿ ಹೇಳುವುದು ನಮ್ಮ ಕಡೆ ಸಾಮಾನ್ಯ.

ಸೋದರಸಂಬಂಧದ ಮದುವೆ ಇದಕ್ಕೆ ಕಾರಣವಲ್ಲ. ಅಂಥ ಮದುವೆಗಳಲ್ಲಿ ಹೆಚ್ಚುವುದು ತಂದೆ-ತಾಯಿ ಇಬ್ಬರಿಂದಲೂ ಒಂದೇ ದೋಷಪೂರಿತ ಜೀನ್ ಬಂದಾಗ ಕಾಣಿಸುವ ಬೇರೆ ಕಾಯಿಲೆಗಳು. ಡೌನ್ ಸಿಂಡ್ರೋಮ್‌ನಲ್ಲಿ 21ನೆಯ ವರ್ಣತಂತು ಒಂದು ಹೆಚ್ಚಾಗಿರುತ್ತದೆ. ಬಹುಪಾಲು ಅಂಡಾಣು ವಿಭಜನೆಯಾಗುವಾಗಿನ ತಪ್ಪಿನಿಂದ ಹೀಗಾಗುತ್ತದೆ, ಯಾರ ನಡತೆಯಿಂದಲೂ ಅಲ್ಲ.

ಮುಂದಿನ ಹಾದಿ ಎರಡು. ಎನ್‌ಐಪಿಟಿ ಎಂಬ ರಕ್ತಪರೀಕ್ಷೆ ನಿಮ್ಮ ರಕ್ತದಲ್ಲಿ ತೇಲುವ ಮಾಸುವಿನ ಡಿಎನ್‌ಎ ತುಣುಕುಗಳನ್ನು ಪರಿಶೀಲಿಸಿ ಡೌನ್ ಸಿಂಡ್ರೋಮ್ ಇರುವ 100ರಲ್ಲಿ ಸುಮಾರು 99 ಪ್ರಕರಣಗಳನ್ನು ಗುರುತಿಸುತ್ತದೆ. ಮಗುವಿಗೆ ಅಪಾಯವಿಲ್ಲ, ಖರ್ಚು ಮಾತ್ರ ಹೆಚ್ಚು. ಆದರೂ ಇದು ಕೂಡ ಶೋಧನೆಯೇ ಹೊರತು ನಿರ್ಣಯವಲ್ಲ. ಖಚಿತ ಉತ್ತರ ಬೇಕೆಂದರೆ 16ನೆಯ ವಾರದ ಹೊತ್ತಿಗೆ ಸೂಜಿಯಿಂದ ಗರ್ಭನೀರು ತೆಗೆದು ಪರೀಕ್ಷಿಸಬೇಕು. ನುರಿತ ಕೈಯಲ್ಲಿ ಗರ್ಭಪಾತದ ಅಪಾಯ ಶೇ 1ಕ್ಕಿಂತ ಕಡಿಮೆ. ಎನ್‌ಟಿ 3.5 ಮಿಲಿಮೀಟರಿನಷ್ಟು ಅಥವಾ ಹೆಚ್ಚು ಇದ್ದರೆ, ಇಲ್ಲವೇ ಸ್ಕ್ಯಾನಿನಲ್ಲಿ ಬೇರೆ ದೋಷ ಕಂಡಿದ್ದರೆ, ಎನ್‌ಐಪಿಟಿಗೆ ಕಾಯದೆ ನೇರವಾಗಿ ಈ ಪರೀಕ್ಷೆಯ ಬಗ್ಗೆ ವಿಚಾರಿಸುವುದು ಮೇಲು. ಯಾವುದನ್ನು ಮಾಡಿಸಿದರೂ ಗಂಡೋ ಹೆಣ್ಣೋ ಎಂದು ತಿಳಿಸುವುದು 1994ರ ಕಾಯ್ದೆಯ ಪ್ರಕಾರ ಅಪರಾಧ, ಕೇಳಲೂ ಹೋಗಬೇಡಿ.

ಅವಸರಪಡುವ ಅಗತ್ಯವೂ ಇಲ್ಲ. ಗಂಭೀರ ನ್ಯೂನತೆ ಖಚಿತವಾದರೆ 20 ವಾರ ದಾಟಿದ ಮೇಲೂ ಗರ್ಭ ತೆಗೆಸಲು ಕಾನೂನಿನಲ್ಲಿ ಅವಕಾಶವಿದೆ; ಮಗುವನ್ನು ಉಳಿಸಿಕೊಳ್ಳುವುದೂ ಅಷ್ಟೇ ನಿಮ್ಮ ಹಕ್ಕು. ಈ ವಾರವೇ ದಾವಣಗೆರೆಯಲ್ಲಾಗಲಿ ಚಿತ್ರದುರ್ಗದಲ್ಲಾಗಲಿ ಭ್ರೂಣ ಸ್ಕ್ಯಾನಿಂಗ್‌ನಲ್ಲಿ ಅನುಭವವಿರುವ ತಜ್ಞರನ್ನು ಯಜಮಾನರೊಂದಿಗೆ ಕಂಡು, ಎನ್‌ಟಿ ಎಷ್ಟು ಮಿಲಿಮೀಟರ್ ಇತ್ತೆಂಬುದನ್ನು ಮೊದಲು ಕೇಳಿ.